ಹಗೇವು ಬರಿದಾದ ಕಾಲ



ಬೆಂಗಳೂರಿನಿಂದ ಹಿಂದೂಪುರದ ಕಡೆಗೆ ಹೋಗುವ ರೈಲುದಾರಿಯಲ್ಲಿ, ಗೌರಿಬಿದನೂರು ಮುಟ್ಟುವುದಕ್ಕೆ ಮೊದಲು ತೊಂಡೇಬಾವಿ ಎಂಬ ನಿಲ್ದಾಣ ಸಿಗುತ್ತದೆ. ಆ ಹೋಬಳಿಯ ರೈತರು ನಿಲ್ದಾಣದ ಹಲಗೆಯ ಮೇಲಿನ ಹೆಸರನ್ನು ಸಾವಿರ ಸಲ ಓದಿರುತ್ತಾರೆ. ಆದರೆ ಅದರ ಕೊನೆಯ ಎರಡಕ್ಷರದ ಮೇಲೆ ಮನಸ್ಸಿಟ್ಟವರು ಎಷ್ಟು ಜನ? ಬಾವಿ! ನೀರಿಗೂ ಊರಿಗೂ ಇರುವ ನಂಟನ್ನು ಹೆಸರಿನಲ್ಲೇ ಹೊತ್ತುಕೊಂಡಿರುವ ಊರು ಅದು. ಬೆಂಕಿ ಬಿದ್ದಾಗ ಬಾವಿ ತೋಡಿದರಂತೆ ಎಂದು ಒಂದು ಗಾದೆ ಉಂಟಲ್ಲ, ಆ ಗಾದೆಯ ಅರ್ಥ ಈ ಸೀಮೆಯವರಿಗೆ ತಿಳಿದಷ್ಟು ಬೇರೆಯವರಿಗೆ ತಿಳಿಯಲಾರದು. ಏಕೆಂದರೆ ಇಲ್ಲಿ ಬೆಂಕಿ ಅಂದರೆ ಬರಗಾಲ.

ನಮ್ಮ ಕಡೆ ವರ್ಷವೆಲ್ಲಾ ಹರಿಯುವ ಹೊಳೆಯಿಲ್ಲ. ನಂದಿಯ ಬೆಟ್ಟಸಾಲಿನಲ್ಲಿ ಹುಟ್ಟುವ ಉತ್ತರ ಪಿನಾಕಿನಿ ಗೌರಿಬಿದನೂರು ತಾಲ್ಲೂಕನ್ನು ಹಾಯ್ದು ಆಂಧ್ರದ ಕಡೆ ಹೋಗುತ್ತದೆ, ನಿಜ. ಆದರೆ ವರ್ಷದ ಬಹುಪಾಲು ಅದರಲ್ಲಿ ಕಾಣುವುದು ಮರಳು. ಮಳೆ ಏಳುನೂರು ಮಿಲಿಮೀಟರಿನ ಆಸುಪಾಸು. ಅದೂ ಹೇಳಿದ ಹೊತ್ತಿಗೆ ಬರುವ ನೆಂಟನಲ್ಲ. ಇಂಥ ನೆಲದಲ್ಲಿ ನಮ್ಮ ಹಿರಿಯರು ನೂರಾರು ವರ್ಷ ಬಾಳಿದರು. ಹೇಗೆ ಬಾಳಿದರು? ಮತ್ತೆ ಒಂದು ಸಲ ಏಕೆ ಸೋತರು? ಈ ಎರಡು ಪ್ರಶ್ನೆಗಳನ್ನು ಇವತ್ತು ತಮ್ಮ ಮುಂದೆ ಇಡುತ್ತೇನೆ. ಹಳೆಯ ಕಥೆ ಎಂದು ಪುಟ ತಿರುವಬೇಡಿ. ಇದರಲ್ಲಿ ನಮ್ಮ ಮನೆಯ ಲೆಕ್ಕ ಅಡಗಿದೆ.

ಮೊದಲು ಕೆರೆಯ ಮಾತು. ಹಳೇ ಮೈಸೂರು ಸೀಮೆಯ ಮುಖ್ಯ ಇಂಜಿನಿಯರಾಗಿದ್ದ ಸ್ಯಾಂಕಿ ಸಾಹೇಬರು 1866ರಲ್ಲಿ ಕೆರೆಗಳ ಮೇಲೆ ಒಂದು ವರದಿ ಬರೆದರು. ಸಂಸ್ಥಾನದ ನೆಲದಲ್ಲಿ ನೂರಕ್ಕೆ ಸುಮಾರು ಅರವತ್ತು ಪಾಲು ಕೆರೆಗಳ ಏರ್ಪಾಡಿಗೆ ಒಳಪಟ್ಟಿದೆ, ಅಲ್ಲಿ ಬಿದ್ದ ಮಳೆ ಸುಮ್ಮನೆ ಹರಿದುಹೋಗುವುದಿಲ್ಲ ಎಂಬುದು ಅವರ ಮಾತಿನ ಸಾರಾಂಶ. ಒಂದು ಕೆರೆಯ ಕೋಡಿ ಬಿದ್ದರೆ ಆ ನೀರು ಕೆಳಗಿನ ಕೆರೆಗೆ, ಅದು ತುಂಬಿದರೆ ಅದರ ಕೆಳಗಿನದಕ್ಕೆ, ಹೀಗೆ ಸರಪಣಿ. ಚಿಕ್ಕಬಳ್ಳಾಪುರ 2007ರಲ್ಲಿ ಬೇರೆ ಜಿಲ್ಲೆಯಾಗುವವರೆಗೂ ನಾವೆಲ್ಲ ಕೋಲಾರ ಜಿಲ್ಲೆಯವರು. ಆ ಹಳೆಯ ಜಿಲ್ಲೆಯೊಂದರಲ್ಲೇ ನಾಲ್ಕು ಸಾವಿರಕ್ಕೂ ಹೆಚ್ಚು ಕೆರೆಗಳಿದ್ದವು. ಕೆರೆ ಕಟ್ಟಿಸಿದವರಿಗೆ, ಕಾಪಾಡಿದವರಿಗೆ ಕಟ್ಟುಕೊಡಗೆ ಎಂದು ಭೂಮಿ ಬಿಡುತ್ತಿದ್ದರು. ಹೂಳು ಹೊರುವ ಬಂಡಿಗೆಂದೇ ದತ್ತಿ ಬಿಟ್ಟದ್ದು ಶಾಸನಗಳಲ್ಲಿ ಕಾಣುತ್ತದೆ. ತೂಬು ಎತ್ತಿ ಇಳಿಸುವುದಕ್ಕೆ ನೀರುಗಂಟಿ. ಬೇಸಿಗೆಯಲ್ಲಿ ತೆಗೆದ ಕೆರೆಗೋಡು ಹೊಲಕ್ಕೆ ಗೊಬ್ಬರ. ಕೆರೆಯಲ್ಲಿ ನೀರಿದ್ದರೆ ಊರ ಬಾವಿಯಲ್ಲೂ ನೀರು. ಇದು ಯಾರೋ ಒಬ್ಬನ ಕೈಲಾಗುವ ಕೆಲಸವಲ್ಲ, ಊರೆಲ್ಲ ಸೇರಿ ಮಾಡುವ ಕೆಲಸ. ಈ ಮಾತನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಎರಡನೆಯದು ಹೊಲ. ರಾಗಿಯನ್ನು ಒಂದೇ ಬಿತ್ತುತ್ತಿರಲಿಲ್ಲ. ರಾಗಿಯ ನಡುನಡುವೆ ಅಕ್ಕಡಿ ಸಾಲು ಬಿಟ್ಟು ಅವರೆ, ತೊಗರಿ, ಜೋಳ, ಹುಚ್ಚೆಳ್ಳು, ಹರಳು ಹಾಕುತ್ತಿದ್ದರು. ಮಳೆ ಮೊದಲು ಕೈಕೊಟ್ಟರೆ ಒಂದು ಹೋಗುತ್ತದೆ, ಕೊನೆಗೆ ಕೈಕೊಟ್ಟರೆ ಮತ್ತೊಂದು ಹೋಗುತ್ತದೆ, ಎಲ್ಲವೂ ಒಟ್ಟಿಗೆ ಹೋಗುವುದು ಅಪರೂಪ. ಏನೂ ಆಗದೆ ಹೊಲ ಬೀಳುಬಿದ್ದರೆ ಹಿಂಗಾರಿಗೆ ಹುರಳಿ ಎರಚುವುದಂತೂ ಇದ್ದೇ ಇತ್ತು. ಹಿಟ್ಟಿಗೆ ರಾಗಿ, ಸಾರಿಗೆ ಕಾಳು, ದೀಪಕ್ಕೆ ಹರಳೆಣ್ಣೆ, ದನಕ್ಕೆ ಹುಲ್ಲು, ಎಲ್ಲ ಒಂದೇ ಹೊಲದಿಂದ. ಸಂತೆಯಿಂದ ತರಬೇಕಾದ್ದು ಉಪ್ಪು, ಕಬ್ಬಿಣ ಇಂಥವು ಕೆಲವು ಮಾತ್ರ.

ಮೂರನೆಯದು ಹಗೇವು. ಈಗಿನ ಹುಡುಗರಿಗೆ ಈ ಮಾತೇ ಗೊತ್ತಿರಲಾರದು, ಅದಕ್ಕೆ ಸ್ವಲ್ಪ ಬಿಡಿಸಿ ಹೇಳುತ್ತೇನೆ. ನಮ್ಮ ಗಡಿ ಸೀಮೆಯಲ್ಲಿ ತೆಲುಗು ಮಾತಾಡುವವರು ಇದನ್ನೇ ಪಾತರ ಅನ್ನುತ್ತಾರೆ. ನೀರು ನಿಲ್ಲದ ಎತ್ತರದ ಗಟ್ಟಿ ನೆಲ ನೋಡಿ, ಮನುಷ್ಯ ಇಳಿಯುವಷ್ಟು ಸಣ್ಣ ಬಾಯಿ ಇಟ್ಟು, ಒಳಗೆ ಗುಡಾಣದ ಹಾಗೆ ಅಗಲವಾಗಿ ತೋಡುವುದು. ಒಳಗೆ ಬೆಂಕಿ ಹಾಕಿ ಗೋಡೆಯನ್ನು ಒಣಗಿಸಿ ಗಟ್ಟಿ ಮಾಡುವುದು. ತಳಕ್ಕೂ ಸುತ್ತಲಿಗೂ ರಾಗಿಹುಲ್ಲು ಕೊಟ್ಟು, ಚೆನ್ನಾಗಿ ಒಣಗಿದ ರಾಗಿ ತುಂಬಿ, ಬಾಯಿಗೆ ಚಪ್ಪಡಿ ಮುಚ್ಚಿ ಮಣ್ಣು ಮೆತ್ತುವುದು. ಅಷ್ಟೇ. ಹೀಗೆ ಇಟ್ಟ ರಾಗಿ ವರ್ಷಗಟ್ಟಲೆ ಕೆಡದೆ ಇರುತ್ತಿತ್ತು.

ಇದರ ಗುಟ್ಟೇನು? ಒಳಗಿನ ಕಾಳೂ ಉಸಿರಾಡುತ್ತದೆ, ಹುಳುವೂ ಉಸಿರಾಡುತ್ತದೆ. ಬಾಯಿ ಮುಚ್ಚಿದ ಮೇಲೆ ಒಳಗಿನ ಆಮ್ಲಜನಕ ತೀರಿ ಇಂಗಾಲದ ಡೈಆಕ್ಸೈಡು ತುಂಬಿಕೊಳ್ಳುತ್ತದೆ. ಹುಳು ಬದುಕುವುದಿಲ್ಲ. ಜೊತೆಗೆ ರಾಗಿಯ ಕಾಳು ಎಷ್ಟು ಸಣ್ಣದು ಅಂದರೆ, ಅಕ್ಕಿ ಜೋಳವನ್ನು ಕೊರೆಯುವ ಮೂತಿಹುಳು ಅದರೊಳಗೆ ಮನೆ ಮಾಡಿಕೊಂಡು ಬೆಳೆಯಲಾರದು. ಇದೇ ಕಾರಣಕ್ಕೆ ಹಗೇವಿನ ಬಾಯಿ ತೆಗೆದ ಕೂಡಲೇ ಯಾರೂ ಒಳಗೆ ಇಳಿಯುತ್ತಿರಲಿಲ್ಲ. ಗಾಳಿಯಾಡಲು ಬಿಟ್ಟು, ಹಗ್ಗಕ್ಕೆ ದೀಪ ಕಟ್ಟಿ ಇಳಿಬಿಟ್ಟು, ಅದು ಉರಿಯುತ್ತಿದ್ದರೆ ಮಾತ್ರ ಇಳಿಯುವುದು ರೂಢಿ. ಎಲ್ಲಾದರೂ ಹಳೆಯ ಹಗೇವು ಕಂಡರೆ ಮಕ್ಕಳನ್ನು ಹತ್ತಿರ ಬಿಡಬೇಡಿ, ತಾವೂ ಇಳಿಯಬೇಡಿ. ದೀಪ ಉರಿದರೂ ನಂಬುವಂತಿಲ್ಲ.

ಕೆರೆ, ಹೊಲ, ಹಗೇವು ಮೂರೂ ಇದ್ದ ಮೇಲೆ ಇನ್ನೇನು ಭಯ? ಹಾಗೆಂದೇ ಆ ಕಾಲದ ಜನರೂ ತಿಳಿದಿದ್ದರು. ಒಂದು ವರ್ಷ ಮಳೆ ತಪ್ಪಿದರೆ ಹಗೇವು ತೆಗೆದರಾಯಿತು. ಹಾಗೆ ಎಷ್ಟೋ ಸಣ್ಣ ಬರಗಳನ್ನು ದಾಟಿಯೂ ಇದ್ದರು.

ಆಮೇಲೆ ಬಂತು ಧಾತು-ಈಶ್ವರ ಬರ. ಹಿರಿಯರು ಸಂವತ್ಸರದ ಹೆಸರಿನಿಂದಲೇ ಅದನ್ನು ಕರೆಯುತ್ತಿದ್ದರು. ಧಾತು ಅಂದರೆ 1876–77, ಈಶ್ವರ ಅಂದರೆ 1877–78. ಆದರೆ ಕೇಡು ಶುರುವಾದದ್ದು ಅದಕ್ಕೂ ಹಿಂದೆಯೇ. 1875ರಲ್ಲಿ ಮಳೆ ಕಡಿಮೆಯಾಯಿತು. ಜನ ಹಗೇವು ತೆಗೆದರು. 1876ರಲ್ಲಿ ಮುಂಗಾರೂ ಸಾಲದು, ಹಿಂಗಾರೂ ಇಲ್ಲ. ಉಳಿದಿದ್ದನ್ನು ಬಳಿದು ತಿಂದರು. 1877ರ ಬೇಸಿಗೆ ಕಳೆದು ಮುಂಗಾರು ಬಂದೀತೆಂದು ಮುಗಿಲು ನೋಡಿದರೆ ಅದೂ ಕೈಕೊಟ್ಟಿತು. ಆಗ ತೆಗೆಯುವುದಕ್ಕೆ ಹಗೇವಿನಲ್ಲಿ ಏನಿತ್ತು? ಹುಲ್ಲು, ಮಣ್ಣು.

ಲೆಕ್ಕ ಕೇಳಿ. 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ 50,55,412. ಹತ್ತು ವರ್ಷದ ಮೇಲೆ 1881ರಲ್ಲಿ ಎಣಿಸಿದಾಗ 41,86,188. ಎಂಟು ಲಕ್ಷ ಅರವತ್ತೊಂಬತ್ತು ಸಾವಿರ ಜನ ಲೆಕ್ಕಕ್ಕೇ ಇಲ್ಲ. ಆರು ಜನರಿದ್ದ ಮನೆಯಲ್ಲಿ ಒಬ್ಬರು ಇಲ್ಲವಾದ ಹಾಗೆ. ಹೆಚ್ಚು ಪೆಟ್ಟು ತಿಂದ ಜಿಲ್ಲೆಗಳಲ್ಲಿ ನಮ್ಮ ಕೋಲಾರವೂ ಒಂದು. ಎಲ್ಲರೂ ಹಸಿವಿನಿಂದಲೇ ಸತ್ತರು ಅಂತಲ್ಲ. ಬಡಕಲಾದ ಮೈಗೆ ಕಾಲರಾ, ಸಿಡುಬು, ಮಳೆ ಬಂದ ಮೇಲೆ ಜ್ವರ, ಹೀಗೆ ಒಂದರ ಹಿಂದೆ ಒಂದು ತಗುಲಿಕೊಂಡವು. ಸಂಸ್ಥಾನ ಆಗ ಇಂಗ್ಲಿಷರ ಕಮಿಷನರುಗಳ ಆಡಳಿತದಲ್ಲಿತ್ತು. 1881ರಲ್ಲಿ ಚಾಮರಾಜೇಂದ್ರ ಒಡೆಯರಿಗೆ ರಾಜ್ಯವನ್ನು ಹಿಂದಕ್ಕೆ ಕೊಟ್ಟಾಗ ಬರಗಾಲದ ಸಾಲವೇ 80 ಲಕ್ಷ ರೂಪಾಯಿ ಹೆಗಲಿಗೆ ಬಿದ್ದಿತ್ತು.

ಈಗ ನಾವು ಕೇಳಬೇಕಾದ ಪ್ರಶ್ನೆ, ಇಷ್ಟು ಸಿದ್ಧತೆ ಇದ್ದೂ ಯಾಕೆ ಹೀಗಾಯಿತು? ಮಳೆ ಬರಲಿಲ್ಲ, ಹಣೆಬರಹ ಎಂದು ಬಿಟ್ಟುಬಿಟ್ಟರೆ ಪಾಠ ಕಲಿತ ಹಾಗಾಗುವುದಿಲ್ಲ. ನಾಲ್ಕು ಕಾರಣಗಳನ್ನು ಗಮನಿಸಿ.

ಒಂದು, ಸಿದ್ಧತೆ ಇದ್ದದ್ದು ಒಂದು ವರ್ಷದ ಬರಕ್ಕೆ, ಬಂದದ್ದು ಮೂರು ವರ್ಷದ ಬರ. ಮೊದಲ ವರ್ಷದ ಬರ ಮನೆಯ ದಾಸ್ತಾನನ್ನು ತಿನ್ನುತ್ತದೆ, ಎರಡನೆಯ ವರ್ಷದ್ದು ಮನುಷ್ಯರನ್ನು ತಿನ್ನುತ್ತದೆ.

ಎರಡು, ಹಗೇವು ಎಲ್ಲರಿಗೂ ಇರಲಿಲ್ಲ. ಹೊಲವಿದ್ದವನಿಗೆ ಹಗೇವು. ಕೂಲಿ ಮಾಡುವವನಿಗೆ? ಮಗ್ಗದ ಮೇಲೆ ಕೂತವನಿಗೆ? ಹೊಲದಲ್ಲಿ ಕೆಲಸವಿಲ್ಲದಿದ್ದರೆ ಕೂಲಿಯಿಲ್ಲ, ಹೊಟ್ಟೆಗಿಲ್ಲದ ಕಾಲದಲ್ಲಿ ಸೀರೆ ಪಂಚೆ ಕೊಳ್ಳುವವರಿಲ್ಲ. ಮೊದಲು ಊರು ಬಿಟ್ಟು ದಾರಿ ಹಿಡಿದವರು ಇಂಥವರೇ. ಅವರು ಹೋದ ಮೇಲೆ ಹೊಲ ಮಾಡುವ ಕೈಗಳೂ ಹೋದವು. ನೆರೆಮನೆಯ ಒಲೆ ಆರಿದರೆ ನಮ್ಮ ಒಲೆ ಬಹಳ ದಿನ ಉರಿಯುವುದಿಲ್ಲ.

ಮೂರು, ಧಾನ್ಯ ಬಂದರೂ ಊರಿಗೆ ಮುಟ್ಟಲಿಲ್ಲ. ಇದು ಆಶ್ಚರ್ಯದ ಸಂಗತಿ. ಮದರಾಸಿನ ಕಡೆಯಿಂದ ಬೆಂಗಳೂರಿಗೆ 1864ರಲ್ಲೇ ರೈಲು ಬಂದಿತ್ತು. ಬರಗಾಲದಲ್ಲಿ ಆ ರೈಲಿನ ಮೇಲೆ ಧಾನ್ಯ ಬಂದಿತು ಕೂಡ. ಆದರೆ ತೊಂಡೇಬಾವಿಯಂಥ ಊರಿಗೆ ಬೆಂಗಳೂರಿನಿಂದ ಅರವತ್ತು ಕಿಲೋಮೀಟರಿನ ಆಸುಪಾಸು. ಎತ್ತಿನ ಗಾಡಿಗೆ ಮೂರು ದಿನದ ಹಾದಿ. ಎತ್ತು ನಡೆಯಬೇಕಾದರೆ ಹುಲ್ಲು ಬೇಕು, ದಾರಿಯಲ್ಲಿ ನೀರು ಬೇಕು. ಎರಡೂ ಇಲ್ಲದೆ ಎತ್ತುಗಳೇ ಮೊದಲು ಸತ್ತಿದ್ದವು. ಜನಕ್ಕೆ ಕಾಳು ಕೂಡಿಟ್ಟ ಹಾಗೆ ದನಕ್ಕೆ ಮೇವು ಕೂಡಿಡದಿದ್ದರೆ ಕಾಳೂ ಕೈಗೆ ಸಿಗುವುದಿಲ್ಲ ಎಂಬುದು ಆಗ ತಿಳಿಯಿತು.

ನಾಲ್ಕು, ಬಿತ್ತನೆ ಬೀಜ. 1877ರ ಸೆಪ್ಟೆಂಬರಿನ ಹೊತ್ತಿಗೆ ಮಳೆ ಬಂತು. ಆದರೆ ಬೀಜವನ್ನೂ ಕುಟ್ಟಿ ತಿಂದಾಗಿತ್ತು. ಉಳುವುದಕ್ಕೆ ಎತ್ತಿಲ್ಲ, ಬಿತ್ತುವುದಕ್ಕೆ ಕಾಳಿಲ್ಲ. ಲಂಡನ್ ನಗರದ ಮೇಯರರು ಕೂಡಿಸಿದ ಪರಿಹಾರ ನಿಧಿಯ ಹಣ ರೈತರಿಗೆ ಬೀಜ, ಎತ್ತು, ಸಾಮಾನು ಕೊಳ್ಳಲು ಹಂಚಿಕೆಯಾಯಿತು. ಕೊಟ್ಟವರಿಗೆ ಪುಣ್ಯ ಬರಲಿ. ಆದರೂ ಯೋಚನೆ ಮಾಡಿ. ರಾಗಿ ಬೆಳೆಯುವ ನಾಡಿನ ರೈತ ಒಂದು ಮೊರ ರಾಗಿ ಬೀಜಕ್ಕೆ ಸಮುದ್ರದಾಚೆಯ ಧರ್ಮವನ್ನು ನೋಡಬೇಕಾಗಿ ಬಂತಲ್ಲ!

ಸರ್ಕಾರವೂ ಸುಮ್ಮನೆ ಕೂತಿರಲಿಲ್ಲ. ಕಾಮಗಾರಿ ತೆಗೆದರು, ಗಂಜಿ ಕೇಂದ್ರ ತೆರೆದರು, ಎಲಿಯಟ್ ಸಾಹೇಬರನ್ನು ಮೈಸೂರಿಗೆ ಬರಗಾಲದ ಕಮಿಷನರಾಗಿ ನೇಮಿಸಿದರು. ಆದರೆ ಗಂಜಿಗಾಗಿ ಮನೆ ಬಿಟ್ಟು ಹತ್ತಾರು ಮೈಲಿ ನಡೆದವರಲ್ಲಿ ಎಷ್ಟೋ ಜನ ಹಿಂದಕ್ಕೆ ಬರಲಿಲ್ಲ. ನಮ್ಮ ನೆರೆಯ ಹಿಂದೂಪುರ ಆಗ ಮದರಾಸು ಪ್ರಾಂತಕ್ಕೆ ಸೇರಿತ್ತು. ಆ ಪ್ರಾಂತದಲ್ಲಿ ರಿಚರ್ಡ್ ಟೆಂಪಲ್ ಎಂಬವರು 1877ರಲ್ಲಿ ಕೂಲಿಯನ್ನು ಇಳಿಸಿ ಗಂಡಾಳಿಗೆ ದಿನಕ್ಕೆ ಒಂದು ಪೌಂಡು ಧಾನ್ಯದ ಬೆಲೆ, ಮೇಲೆ ಸ್ವಲ್ಪ ಚಿಲ್ಲರೆ ಎಂದು ಗೊತ್ತುಮಾಡಿದರು. ಒಂದು ಪೌಂಡು ಅಂದರೆ ಅರ್ಧ ಕಿಲೋ ಕೂಡ ಅಲ್ಲ. ಮಣ್ಣು ಹೊರುವವನಿಗೆ ಅದು ಸಾಕೇ? ತಮಗೇ ಗೊತ್ತು.

ಬರ ಮುಗಿದ ಮೇಲೆ ಸರ್ಕಾರ ಪಾಠ ಕಲಿಯಿತು. 1880ರಲ್ಲಿ ಬರಗಾಲದ ಆಯೋಗ ವರದಿ ಕೊಟ್ಟಿತು. ಯಾವಾಗ ಬರವೆಂದು ಸಾರಬೇಕು, ಎಲ್ಲಿ ಕೆಲಸ ತೆಗೆಯಬೇಕು ಎಂಬ ನಿಯಮಗಳು 1883ರಲ್ಲಿ ಬಂದವು. ರೈಲುದಾರಿ ಹಾಕಿದರು. 1890ರ ದಶಕದಲ್ಲಿ ಹಿಂದೂಪುರದ ದಾರಿ ನಮ್ಮ ಕಡೆ ಬಂತು, ತೊಂಡೇಬಾವಿಗೂ ರೈಲು ಮುಟ್ಟಿತು. ಇನ್ನು ಎತ್ತು ಸತ್ತರೂ ಧಾನ್ಯ ಬರುತ್ತದೆ. ಇದು ದೊಡ್ಡ ಉಪಕಾರವೇ, ಇಲ್ಲವೆನ್ನುವ ಹಾಗಿಲ್ಲ. ಆಮೇಲೆ ಪಡಿತರ ಬಂತು, 1965ರಲ್ಲಿ ಭಾರತ ಆಹಾರ ನಿಗಮ ಬಂತು. ಲಕ್ಷ್ಮಣಯ್ಯನವರು ನಮ್ಮ ರಾಗಿಗೆ ಆಫ್ರಿಕಾದ ರಾಗಿಯನ್ನು ಬೆರೆಸಿ ಇಂಡಾಫ್ ತಳಿಗಳನ್ನು ಕೊಟ್ಟರು, ಇಳುವರಿ ಏರಿತು. ಈಗ ಊಟವಿಲ್ಲದೆ ಲಕ್ಷಗಟ್ಟಲೆ ಜನ ಸಾಯುವ ಕಾಲವಲ್ಲ.

ಹಾಗಾದರೆ ನಾವು ನಿಶ್ಚಿಂತರೇ? ಇಲ್ಲಿ ಸ್ವಲ್ಪ ನಿಲ್ಲಿ. ರೈಲು ಬಂದಾಗ ಒಂದು ಸಣ್ಣ ಬದಲಾವಣೆ ನಮ್ಮ ಮನಸ್ಸಿನಲ್ಲೂ ಆಯಿತು. ಬೇಕಾದಾಗ ಪೇಟೆಯಿಂದ ಬರುತ್ತದಲ್ಲ, ಹಗೇವಿನಲ್ಲಿ ಹೂತಿಟ್ಟ ರಾಗಿ ಸತ್ತ ಹಣವಲ್ಲವೇ ಎನ್ನಿಸಿತು. ಹಗೇವು ಮುಚ್ಚಿದೆವು. ಕೊಳವೆಬಾವಿ ಬಂದಾಗ ಕೆರೆಯ ಹೂಳು ಯಾಕೆ ತೆಗೆಯಬೇಕು ಎನ್ನಿಸಿತು. ಕೆರೆಯನ್ನು ಮರೆತೆವು, ರಾಜಕಾಲುವೆಯನ್ನು ಹೊಲಕ್ಕೆ ಸೇರಿಸಿಕೊಂಡೆವು. ಈಗ ನಮ್ಮ ಜಿಲ್ಲೆಯಲ್ಲಿ ಸಾವಿರ ಅಡಿ ಕೊರೆದರೂ ನೀರು ಸಿಗುವ ಭರವಸೆಯಿಲ್ಲ, ಸಿಕ್ಕ ನೀರಿನಲ್ಲಿ ಎಷ್ಟೋ ಕಡೆ ಫ್ಲೋರೈಡು. ಬೆಂಗಳೂರಿನ ಹೆಬ್ಬಾಳ–ನಾಗವಾರ ಕಣಿವೆಯ ಕೊಳಚೆಯನ್ನು ಶುದ್ಧಿ ಮಾಡಿ ನಮ್ಮ ಜಿಲ್ಲೆಯ ಕೆರೆಗಳಿಗೆ ಹರಿಸಬೇಕಾಗಿ ಬಂದಿದೆ. ಕೆರೆಗಳ ನಾಡಿನ ಅವಸ್ಥೆ ಇದು.

2020ರ ಮಾರ್ಚಿ ತಿಂಗಳು ನೆನಪಿದೆಯೇ? ಕೊರೋನಾ ರೋಗಕ್ಕೆ ದೇಶವೆಲ್ಲ ಬಾಗಿಲು ಹಾಕಿತು. ನಮ್ಮ ಜಿಲ್ಲೆಯ ದ್ರಾಕ್ಷಿ, ಹೂವು, ತರಕಾರಿ ಕೊಳ್ಳುವವರಿಲ್ಲದೆ ತೋಟದಲ್ಲೇ ಕೊಳೆತವು. ಪಟ್ಟಣ ಸೇರಿದ್ದ ಮಕ್ಕಳು ಊರಿಗೆ ಓಡಿ ಬಂದರು. ಆಗ ಯಾವ ಮನೆಯವರು ಗಾಬರಿಯಿಲ್ಲದೆ ಇದ್ದರು? ವಾಡೆಯಲ್ಲಿ ರಾಗಿ, ಹಿತ್ತಲಲ್ಲಿ ಹಸು, ಅಟ್ಟದಲ್ಲಿ ಕಾಳು ಇದ್ದ ಮನೆಯವರು. ಮತ್ತೆ 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತವೆಂದು ಸಾರಬೇಕಾಯಿತು. ಧಾತು-ಈಶ್ವರ ಮುಗಿದುಹೋದ ಮಾತಲ್ಲ. ರೂಪ ಬದಲಾಯಿಸಿಕೊಂಡು ಬರುತ್ತದೆ, ಅಷ್ಟೇ.

ಹಾಗೆಂದು ದ್ರಾಕ್ಷಿ ಕಿತ್ತುಹಾಕಿ, ಪೇಟೆಗೆ ಬೆನ್ನು ತಿರುಗಿಸಿ ಎಂದು ನಾನು ಹೇಳುತ್ತಿಲ್ಲ. ದುಡ್ಡಿನ ಬೆಳೆ ಬೆಳೆಯಿರಿ. ಆದರೆ ಹೊಟ್ಟೆಯ ಬೆಳೆಗೆ ಒಂದು ತುಂಡು ನೆಲ ಬಿಡಿ. ಲೆಕ್ಕ ಹಾಕೋಣ. ಐದು ಜನರ ಮನೆಗೆ ದಿನಕ್ಕೆ ಒಂದೂವರೆ ಕಿಲೋ ರಾಗಿ ಎಂದರೆ ವರ್ಷಕ್ಕೆ ಐದೂವರೆ ಕ್ವಿಂಟಾಲ್. ಹದವಾದ ಮಳೆಯಾದರೆ ಒಂದು ಎಕರೆ ಖುಷ್ಕಿಯಲ್ಲಿ ಇಷ್ಟಕ್ಕೆ ಕಡಿಮೆಯಿಲ್ಲದೆ ಬರುತ್ತದೆ. ಒಂದು ವರ್ಷದ್ದು ಊಟಕ್ಕೆ ಇಟ್ಟುಕೊಂಡು ಇನ್ನೊಂದು ವರ್ಷದ್ದನ್ನು ಮುಟ್ಟದೆ ಇಡಿ. ಹೊಸ ರಾಗಿ ಮನೆಗೆ ಬಂದ ಮೇಲೆ ಹಳೆಯದನ್ನು ಬಳಸಿ, ಹೊಸದನ್ನು ಅದರ ಜಾಗಕ್ಕೆ ಸೇರಿಸಿ. ಹಗೇವು ತೋಡಬೇಕಾಗಿಲ್ಲ. ಹಲ್ಲಿಗೆ ಹಾಕಿದರೆ ಕಟಕ್ಕೆಂದು ಒಡೆಯುವಷ್ಟು ಒಣಗಿಸಿ, ಗಾಳಿಯಾಡದ ತಗಡಿನ ಕಣಜದಲ್ಲಿ ಗೋಡೆಗೂ ನೆಲಕ್ಕೂ ತಾಗದ ಹಾಗೆ ಇಟ್ಟರೆ ಸಾಕು.

ಬೀಜದ ಗಡಿಗೆಯನ್ನು ಊಟದ ಕಣಜದೊಂದಿಗೆ ಸೇರಿಸಬೇಡಿ. ಕೂರಿಗೆಯಲ್ಲಿ ಬಿತ್ತುವ ರಾಗಿಗೆ ಎಕರೆಗೆ ಐದು ಕಿಲೋ ಸಾಕು. ಹತ್ತು ಕಿಲೋ ಇಟ್ಟುಕೊಳ್ಳಿ. ಮೊದಲ ಬಿತ್ತನೆ ಒಣಗಿದರೆ ಎರಡನೆಯ ಸಲ ಬಿತ್ತುವುದಕ್ಕೆ. ಮಳೆ ತಡವಾದರೆ ಬೇಗ ಕೊಯ್ಲಿಗೆ ಬರುವ ತಳಿ ಯಾವುದೆಂದು ಚಿಂತಾಮಣಿಯ ಕುರುಬೂರಿನ ಕೃಷಿ ವಿಜ್ಞಾನ ಕೇಂದ್ರದಲ್ಲಿ ಕೇಳಿ ತಿಳಿಯಿರಿ. ಒಂದೆರಡು ಸೇರು ಹುರಳಿಯೂ ಜೊತೆಗಿರಲಿ.

ಮೇವಿನ ಲೆಕ್ಕವೂ ಹೀಗೆಯೇ. ಒಂದು ಹಸುವಿಗೆ ದಿನಕ್ಕೆ ಐದಾರು ಕಿಲೋ ಒಣಹುಲ್ಲು ಎಂದರೂ ವರ್ಷಕ್ಕೆ ಎರಡು ಟನ್ನಿನ ಆಸುಪಾಸು. ರಾಗಿಹುಲ್ಲಿನ ಬಣವೆಯನ್ನು ಪೂರ್ತಿ ಮಾರಿಬಿಡಬೇಡಿ.

ಇನ್ನು ನೀರು. ಐವತ್ತು ಚದರ ಮೀಟರಿನ ಮಾಳಿಗೆಯ ಮೇಲೆ ನಮ್ಮ ಕಡೆ ವರ್ಷಕ್ಕೆ ಬೀಳುವ ಮಳೆ 35,000 ಲೀಟರು. ಸೋರಿ ಹೋದದ್ದು ಬಿಟ್ಟರೂ 28,000 ಲೀಟರು ಕೈಗೆ ಬರುತ್ತದೆ. ಐದು ಜನಕ್ಕೆ ಕುಡಿಯಲು ಅಡಿಗೆಗೆ ದಿನಕ್ಕೆ 25 ಲೀಟರಿನಂತೆ ವರ್ಷಕ್ಕೆ ಬೇಕಾದ್ದು 9,125 ಲೀಟರು. ಹತ್ತು ಸಾವಿರ ಲೀಟರಿನ ಒಂದು ತೊಟ್ಟಿ ಕಟ್ಟಿಸಿದರೆ ಫ್ಲೋರೈಡಿನ ಕಾಟವಿಲ್ಲದ ನೀರು ವರ್ಷವೆಲ್ಲಾ ಮನೆಯಲ್ಲೇ. ಮೊದಲ ಮಳೆಯ ಕೊಳೆನೀರು ಬಿಟ್ಟು, ಸೋಸಿ ತುಂಬಿಸಿ, ಕಾಯಿಸಿ ಕುಡಿಯಿರಿ.

ಇವೆಲ್ಲ ಮನೆಯ ಕೆಲಸ. ಊರಿನ ಕೆಲಸ ಬೇರೆ ಇದೆ, ಅದೇ ದೊಡ್ಡದು. ಧಾತು-ಈಶ್ವರದಲ್ಲಿ ಹಗೇವು ಇದ್ದವನೂ ಸೋತದ್ದು ಊರು ಖಾಲಿಯಾದ್ದರಿಂದ. ಹೊಲವಿಲ್ಲದ ಮನೆಗೆ ಬೇಸಿಗೆಯಲ್ಲಿ ಕೆಲಸ ಸಿಗಬೇಕು, ಕೆರೆಯ ಹೂಳೂ ಹೋಗಬೇಕು. ಎರಡಕ್ಕೂ ಒಂದೇ ಮದ್ದು, ಊರವರು ಕೂಡಿ ಕೆರೆಗೆ ಇಳಿಯುವುದು. ಪಂಚಾಯಿತಿಯವರನ್ನು ಕೇಳಿ, ಉದ್ಯೋಗ ಖಾತರಿಯಲ್ಲಿ ಹಾಕಿಸಿ. ಕಾಲುವೆಯ ಮೇಲೆ ನಾವೇ ಹಾಕಿದ ಬೇಲಿಯನ್ನು ನಾವೇ ತೆಗೆಯೋಣ. ಸಹಕಾರ ಸಂಘದಲ್ಲಿ ಹತ್ತು ಮೂಟೆ ಬೀಜರಾಗಿ ಊರ ಹೆಸರಿನಲ್ಲಿ ಇಡೋಣ. ಯಾರ ಬಿತ್ತನೆ ಕೆಟ್ಟರೂ ಅವರಿಗೆ ಕೊಟ್ಟು, ಸುಗ್ಗಿಯಲ್ಲಿ ಹಿಂದಕ್ಕೆ ಹಾಕಿಸಿಕೊಳ್ಳೋಣ.

ಮುಂದಿನ ಸಲ ರೈಲು ತೊಂಡೇಬಾವಿಯಲ್ಲಿ ನಿಂತಾಗ ಆ ಹಲಗೆಯನ್ನು ಒಮ್ಮೆ ನೋಡಿ. ಕಷ್ಟ ಬಂದರೆ ಈ ದಾರಿಯಲ್ಲಿ ಧಾನ್ಯ ಬರುತ್ತದೆ ಎಂಬ ಧೈರ್ಯ ಇರಲಿ, ತಪ್ಪಿಲ್ಲ. ಆದರೆ ಅದು ಬರುವವರೆಗೆ ಮನೆಯಲ್ಲೂ ಊರಲ್ಲೂ ಎಷ್ಟು ದಿನಕ್ಕೆ ಇದೆ ಎಂದು ಇವತ್ತು ರಾತ್ರಿ ಊಟಕ್ಕೆ ಕೂತಾಗ ಒಂದು ಲೆಕ್ಕ ಹಾಕಿ. ಬಾವಿ ತೋಡುವುದಕ್ಕೆ ಬೆಂಕಿ ಬೀಳುವವರೆಗೆ ಕಾಯಬೇಡಿ.